ಮೊದಲು ಮಟ್ಟ, ಆಮೇಲೆ ಮರ: ಹಳೇ ಗಿರಣಿ, ಕಾಲೇಜು, ಮನೆಯಂಗಳದ ಲೆಕ್ಕ

ದಾವಣಗೆರೆಯ ಹೊರವಲಯದ ಒಂದು ಕಾಲೇಜು. ಹೊಸ ಕಟ್ಟಡದ ಉದ್ಘಾಟನೆಗೆ ನಾಲ್ಕು ದಿನ ಬಾಕಿ ಇತ್ತು. ಏಪ್ರಿಲ್ ತಿಂಗಳ ಬಿಸಿಲು. ಲಾರಿಯಲ್ಲಿ ಹುಲ್ಲಿನ ಚಾಪೆಗಳು ಬಂದಿಳಿದವು. ಹತ್ತು ಆಳು ಸೇರಿ ಒಂದೇ ದಿನದಲ್ಲಿ ಇಡೀ ಅಂಗಳವನ್ನು ಹಸಿರು ಮಾಡಿಬಿಟ್ಟರು. ಫೋಟೋಗಳು ಚೆನ್ನಾಗಿ ಬಂದವು.

ಆ ಹುಲ್ಲಿನ ಕೆಳಗೆ ಏನಿತ್ತು ಎಂದು ನಾನು ನೋಡಿದ್ದೆ. ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಉಂಡೆ, ಪಾಯದಿಂದ ತೆಗೆದ ಗರಸು. ಅದರ ಮೇಲೆ ಮೂರು ಬೆರಳು ಕೆಂಪು ಮಣ್ಣು. ಅಲ್ಲಿದ್ದ ಎರಡು ದೊಡ್ಡ ಬೇವಿನ ಮರ ಪಾರ್ಕಿಂಗ್‌ಗೆ ಅಡ್ಡ ಎಂದು ಮೊದಲೇ ಹೋಗಿದ್ದವು. ಮೇ ಮುಗಿಯುವಷ್ಟರಲ್ಲಿ ಹುಲ್ಲು ಹಳದಿಗೆ ತಿರುಗಿತು. ಜೂನಿನಲ್ಲಿ ಒಂದು ಜೋರು ಮಳೆ ಬಂತು. ನೀರು ಗೇಟಿನ ಕಡೆ ಹೋಗಲಿಲ್ಲ, ನೇರ ವರಾಂಡಕ್ಕೆ ನುಗ್ಗಿತು. ಅಲ್ಲಿನ ಮಾಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮಣ್ಣು ಹಾಕೋವಾಗ ಯಾರೂ ನೀರಿನ ಕಡೆ ನೋಡ್ಲಿಲ್ಲ ಸಾರ್."

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಮನೆ, ಶಾಲೆ, ಆಫೀಸುಗಳ ಅಂಗಳಕ್ಕೆ ನಕ್ಷೆ ಮಾಡುವ ಕೆಲಸ ನನ್ನದು. ಈ ಕತೆ ನನಗೆ ಹೊಸದಲ್ಲ. ನಮ್ಮಲ್ಲಿ ಲ್ಯಾಂಡ್‌ಸ್ಕೇಪ್ ಎಂದರೆ ಕೊನೆಗೆ ಉಳಿದ ದುಡ್ಡಿನಲ್ಲಿ ಹುಲ್ಲು ಹಾಸುವುದು, ನಾಲ್ಕು ಕುಂಡ ಇಡುವುದು ಎಂದಾಗಿಬಿಟ್ಟಿದೆ. ಆದರೆ ಈ ಕೆಲಸ ಶುರುವಾಗಬೇಕಾದದ್ದು ಪಾಯ ತೋಡುವ ಮೊದಲು. ನೆಲದ ಮಟ್ಟ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ? ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಇರುವ ಮರ ಯಾವುದು? ಮಣ್ಣು ಎಂಥದ್ದು? ಇಷ್ಟು ತಿಳಿದ ಮೇಲೆ ಕಟ್ಟಡ ಎಲ್ಲಿ ಕೂರಬೇಕು ಎಂದು ನಿರ್ಧಾರ ಮಾಡಬೇಕು. ಕಟ್ಟಡ ಕೂತ ಮೇಲೆ ಅಂಗಳ ಹುಡುಕಿದರೆ ಸಿಗುವುದು ಉಳಿಕೆ ಜಾಗ ಮಾತ್ರ.

ಈಗ ಇದನ್ನು ಬರೆಯಲು ಕಾರಣವಿದೆ. ದಾವಣಗೆರೆ ಸುತ್ತ ಭದ್ರಾ ನಾಲೆ ನೀರು ಉಣ್ಣುತ್ತಿದ್ದ ಗದ್ದೆಗಳು ಲೇಔಟ್ ಆಗುತ್ತಿವೆ. ಚಿತ್ರದುರ್ಗದಲ್ಲಿ ಗುಡ್ಡದ ಬುಡದವರೆಗೂ ಸೈಟುಗಳು ಹೋಗಿವೆ. ಹಳೇ ಗಿರಣಿ, ಗೋದಾಮುಗಳ ಜಾಗ ಕೈ ಬದಲಾಗುತ್ತಿದೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂತು. ಆ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿದಿದೆ. ಕಟ್ಟಿದ್ದನ್ನು ಕಾಪಾಡುವ ಹೊಣೆ ಇನ್ನು ಊರಿನದೇ. 2023ರ ಬರವಂತೂ ಯಾರಿಗೂ ಮರೆತಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ನಿಂತಾಗಲೇ ನಮಗೆ ಅಂಗಳದ ನೀರಿನ ಲೆಕ್ಕ ನೆನಪಾಗುವುದು.

ಆ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಭಾಗದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇನ್ನೂ ಕಡಿಮೆ. ಆದರೂ ಐದು ಎಕರೆ ಕ್ಯಾಂಪಸ್ ಎಂದರೆ 20 ಸಾವಿರ ಚದರ ಮೀಟರ್. ಅದರ ಮೇಲೆ ವರ್ಷಕ್ಕೆ 1 ಕೋಟಿ 20 ಲಕ್ಷ ಲೀಟರ್ ನೀರು ಬೀಳುತ್ತದೆ. ಒಂದು ಸಂಜೆ 30 ಮಿಲಿಮೀಟರ್ ಮಳೆ ಹೊಡೆದರೆ ಆರು ಲಕ್ಷ ಲೀಟರ್. ಅಷ್ಟೂ ನೀರನ್ನು ಒಂದು ಗಂಟೆಯಲ್ಲಿ ಚರಂಡಿಗೆ ದೂಡುವ ಹಾಗೆ ನಾವು ಅಂಗಳ ಕಟ್ಟುತ್ತೇವೆ. ಮಾರನೇ ದಿನ ಗಿಡಕ್ಕೆ ಹಾಕಲು ಟ್ಯಾಂಕರ್ ಕರೆಸುತ್ತೇವೆ. ಎಂಥ ನೋವಿನ ವಿಷಯ ಅಲ್ವಾ?

ಇನ್ನೊಂದು ವಿಷಯವೂ ಗಮನಿಸಬೇಕು. ನಮ್ಮ ಮಳೆ ಮಲೆನಾಡಿನ ಹಾಗೆ ಜೂನ್, ಜುಲೈನಲ್ಲಿ ಹಿಡಿದುಕೊಂಡು ಸುರಿಯುವುದಲ್ಲ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಒಂದಿಷ್ಟು, ಜಾಸ್ತಿ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆಲವೇ ದಿನ, ಕೆಲವೇ ಗಂಟೆ, ಜೋರಾಗಿ. ಹಾಗಾಗಿ ಇಲ್ಲಿನ ಅಂಗಳಕ್ಕೆ ಎರಡು ಕೆಲಸ. ಜೋರು ನೀರನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಬೇಕು. ನಿಂತದ್ದನ್ನು ಆರೇಳು ಒಣ ತಿಂಗಳಿಗೆ ಉಳಿಸಿಕೊಳ್ಳಬೇಕು.

ಇದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಕೋಟೆ ಹತ್ತಿದರೆ ಸಾಕು. ಎಲ್ಲರೂ ಒನಕೆ ಓಬವ್ವನ ಕಿಂಡಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಇಳಿಯುತ್ತಾರೆ. ಇನ್ನೊಂದು ಸಲ ಹೋದಾಗ ನೀರಿನ ದಾರಿ ಹಿಡಿದು ನಡೆಯಿರಿ. ಅಲ್ಲಿರುವುದು ಬರೀ ಬಂಡೆ. ಬಂಡೆ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದು ಬರುತ್ತದೆ. ಬೇರೆಯವರಿಗೆ ಅದು ತೊಂದರೆ ಎನಿಸುತ್ತಿತ್ತೇನೋ. ಕೋಟೆ ಕಟ್ಟಿದವರಿಗೆ ಅದೇ ಬಂಡವಾಳವಾಯಿತು. ಬಂಡೆಗಳ ನಡುವಿನ ತಗ್ಗಿಗೆ ಕಟ್ಟೆ ಹಾಕಿದರು. ಗೋಪಾಲಸ್ವಾಮಿ ಹೊಂಡ ಮೇಲೆ ಇದೆ. ಅದು ತುಂಬಿ ಕೋಡಿ ಹರಿದರೆ ನೀರು ಅಕ್ಕ ತಂಗಿ ಹೊಂಡದ ಕಡೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ. ಪಂಪು ಇಲ್ಲ, ಪೈಪು ಇಲ್ಲ, ನೆಲದ ಮಟ್ಟವೊಂದೇ ಕೆಲಸ ಮಾಡುತ್ತದೆ. 1779ರಲ್ಲಿ ಹೈದರಾಲಿ ಕೋಟೆಯನ್ನು ವಶ ಮಾಡಿಕೊಂಡ. ಅದಕ್ಕೂ ಮೊದಲು ಅಲ್ಲಿ ನಡೆದ ಮುತ್ತಿಗೆಗಳನ್ನು ನೆನೆಸಿಕೊಂಡರೆ ಈ ಹೊಂಡಗಳ ಬೆಲೆ ಅರ್ಥವಾಗುತ್ತದೆ. ಗೋಡೆ ಎಷ್ಟೇ ಗಟ್ಟಿ ಇದ್ದರೂ ಒಳಗೆ ನೀರಿಲ್ಲದಿದ್ದರೆ ಕೋಟೆ ನಿಲ್ಲುವುದಿಲ್ಲ.

ಕೋಟೆ ಪಕ್ಕದ ಚಂದ್ರವಳ್ಳಿಗೆ ಹೋದರೆ ಕತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲಿನ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಸುಮಾರು 1600 ವರ್ಷ ಹಳೆಯದು. ಅದರಲ್ಲಿ ಇರುವುದು ಕೆರೆಯ ಕೆಲಸದ ಮಾತು. ಈ ಸೀಮೆಯಲ್ಲಿ ರಾಜನೊಬ್ಬ ತನ್ನ ಹೆಸರು ಉಳಿಯಲೆಂದು ಬಂಡೆ ಮೇಲೆ ಕೊರೆಸಿದ್ದು ತಟಾಕ, ಅಂದರೆ ಕೆರೆ, ಎಂಬ ಪದವನ್ನು. ದಾವಣಗೆರೆ, ಹೊಳಲ್ಕೆರೆ, ಚಳ್ಳಕೆರೆ ಎಂಬ ಹೆಸರುಗಳೂ ಅದನ್ನೇ ಹೇಳುತ್ತವೆ.

ಈಗ ಹಳೇ ಗಿರಣಿಗಳ ವಿಷಯಕ್ಕೆ ಬರುತ್ತೇನೆ. ನನಗೆ ತುಂಬಾ ಹತ್ತಿರವಾದ ವಿಷಯ ಇದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ನಮ್ಮ ಅಪ್ಪಂದಿರಿಗೆ ನೆನಪಿದೆ. ಹತ್ತಿ ಗಿರಣಿಗಳ ಸೈರನ್ ಕೇಳಿ ಅಡುಗೆಗೆ ಇಡುತ್ತಿದ್ದ ಮನೆಗಳಿದ್ದವು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಸದ್ದೂ ಕಡಿಮೆಯಾಗಿದೆ. ಜಿನ್ನಿಂಗ್ ಫ್ಯಾಕ್ಟರಿ, ಅಕ್ಕಿ ಗಿರಣಿ, ಹತ್ತಿ ಗೋದಾಮುಗಳ ದೊಡ್ಡ ದೊಡ್ಡ ಕಾಂಪೌಂಡುಗಳು ಊರ ನಡುವೆ ಉಳಿದಿವೆ. ಸಾಮಾನ್ಯವಾಗಿ ಆಗುವುದು ಹೀಗೆ: ಜೆಸಿಬಿ ಬರುತ್ತದೆ, ಎಲ್ಲವನ್ನೂ ಕೆಡವುತ್ತದೆ, ಮಟ್ಟ ಮಾಡುತ್ತದೆ, ಸೈಟು ಕಲ್ಲು ನೆಡುತ್ತಾರೆ. ಐವತ್ತು ಅರವತ್ತು ವರ್ಷದ ಮರಗಳು ಒಂದು ಬೆಳಗ್ಗೆಯಲ್ಲಿ ಹೋಗುತ್ತವೆ. ಮರ ಕಡಿಯಲು ಅನುಮತಿ ಬೇಕು ಎಂದು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ನಕ್ಷೆಯಲ್ಲಿ ಆ ಮರದ ಮೇಲೆ ಮೊದಲೇ ರಸ್ತೆ ಎಳೆದಾಗಿದ್ದರೆ ಅನುಮತಿ ಕೇಳುವುದು ಕೊನೆಯ ಹಂತದ ಕೆಲಸ ಆಗಿಬಿಡುತ್ತದೆ. ಅದಕ್ಕೇ ಮರದ ಸರ್ವೆ ಮೊದಲು ಆಗಬೇಕು. ಪ್ರತಿ ಮರದ ಜಾತಿ, ಕಾಂಡದ ಸುತ್ತಳತೆ, ಕೊಂಬೆ ಎಷ್ಟು ದೂರ ಹರಡಿದೆ ಎಂದು ನಕ್ಷೆ ಮೇಲೆ ಗುರುತು ಹಾಕಬೇಕು. ರಸ್ತೆ ಮರವನ್ನು ಸುತ್ತಿಕೊಂಡು ಹೋಗಲಿ, ತಪ್ಪೇನಿದೆ?

ಗಿರಣಿ ಜಾಗದಲ್ಲಿ ಮರದ ಜೊತೆಗೆ ಇನ್ನೂ ಬೇಕಾದಷ್ಟು ಆಸ್ತಿ ಇರುತ್ತದೆ. ಇಟ್ಟಿಗೆಯ ಚಿಮಣಿ. ಬೆಂಕಿ ಆರಿಸಲು, ಬಾಯ್ಲರಿಗೆ ಎಂದು ಕಟ್ಟಿಸಿದ ದೊಡ್ಡ ನೀರಿನ ತೊಟ್ಟಿ. ಹಳೇ ಬಾವಿ. ಗರಗಸದ ಹಲ್ಲಿನ ಹಾಗೆ ಏರಿಳಿಯುವ ಚಾವಣಿ. ಚಪ್ಪಡಿ ಕಲ್ಲಿನ ನೆಲ. ಆ ಚಾವಣಿ ಎಂದರೆ ಮಳೆ ಹಿಡಿಯಲು ತಯಾರಾಗಿ ನಿಂತ ಬಟ್ಟಲು. ಆ ತೊಟ್ಟಿ ಎಂದರೆ ಹಿಡಿದದ್ದನ್ನು ಇಡುವ ಜಾಗ. ಎರಡನ್ನೂ ಕೆಡವಿ, ಕೊನೆಗೆ ಹೊಸ ಸಂಪು ತೋಡುವುದು ಯಾವ ಲೆಕ್ಕಕ್ಕೂ ಸರಿಹೋಗುವುದಿಲ್ಲ.

ಜರ್ಮನಿಯ ಡ್ಯೂಸ್‌ಬರ್ಗ್ ಎಂಬ ಊರಿನಲ್ಲಿ ಒಂದು ಉಕ್ಕಿನ ಕಾರ್ಖಾನೆ 1985ರಲ್ಲಿ ಮುಚ್ಚಿತು. ಪೀಟರ್ ಲಾಟ್ಸ್ ಎಂಬ ವಿನ್ಯಾಸಕಾರ ಅದನ್ನು ಕೆಡವಲಿಲ್ಲ. ಅದೇ ಜಾಗವನ್ನು ಪಾರ್ಕು ಮಾಡಿದ. 1994ರಲ್ಲಿ ಅದು ಜನರಿಗೆ ತೆರೆದುಕೊಂಡಿತು. ಅದಿರು ತುಂಬುತ್ತಿದ್ದ ಗೋಡೆಗಳ ನಡುವೆ ಈಗ ತೋಟಗಳಿವೆ. ಗೋಡೆಗಳನ್ನು ಮಕ್ಕಳು ಹತ್ತಿ ಆಡುತ್ತಾರೆ. ಅನಿಲ ತುಂಬುತ್ತಿದ್ದ ದೊಡ್ಡ ಟ್ಯಾಂಕಿನಲ್ಲಿ ನೀರು ತುಂಬಿಸಿ ಮುಳುಗು ಈಜು ಕಲಿಸುತ್ತಾರೆ. ಕೊಳಚೆ ಹರಿಯುತ್ತಿದ್ದ ಕಾಲುವೆಯಲ್ಲಿ ಈಗ ಚಾವಣಿಗಳ ಮಳೆನೀರು ಹರಿಯುತ್ತದೆ. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರ, ಬ್ಯಾರಕ್‌ಗಳನ್ನು ಹಾಗೇ ಉಳಿಸಿಕೊಂಡರು. ಜೈಲಿನ ನೆನಪೂ ಉಳಿಯಿತು, ನೆರಳೂ ಸಿಕ್ಕಿತು. ದಾವಣಗೆರೆಯ ಒಂದಾದರೂ ಚಿಮಣಿಯ ಕೆಳಗೆ ಇಂಥ ಅಂಗಳ ಆಗಬೇಕು ಎಂಬುದು ನನ್ನ ಆಸೆ. ಗಿರಣಿಯಲ್ಲಿ ದುಡಿದವರ ಮೊಮ್ಮಕ್ಕಳು ಅಲ್ಲಿ ಆಡಲಿ.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಹೇಳಲೇಬೇಕು. ಕಾರ್ಖಾನೆ ನಡೆದ ನೆಲದಲ್ಲಿ ಎಣ್ಣೆ, ಬಾಯ್ಲರ್ ಬೂದಿ, ಬಣ್ಣದ ರಾಸಾಯನಿಕ, ಹಳೇ ಪೇಂಟಿನ ಸೀಸ ಉಳಿದಿರಬಹುದು. ಹಳೇ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಇದು ಕಣ್ಣಿಗೆ ಕಾಣುವುದಿಲ್ಲ. ಮಕ್ಕಳು ಆಡುವ ಜಾಗ, ತರಕಾರಿ ಬೆಳೆಯುವ ಜಾಗ ಮಾಡುವ ಮೊದಲು ಮಣ್ಣನ್ನು ಬೇರೆ ಬೇರೆ ಕಡೆಯಿಂದ ತೆಗೆದು ಪರೀಕ್ಷೆಗೆ ಕಳಿಸಬೇಕು. ಕೆಟ್ಟ ಮಣ್ಣು ಸಿಕ್ಕ ಕಡೆ ಇಂಗುಗುಂಡಿ ತೋಡಬಾರದು. ತೋಡಿದರೆ ವಿಷವನ್ನು ನಾವೇ ಅಂತರ್ಜಲಕ್ಕೆ ಇಳಿಸಿದ ಹಾಗೆ. ಅಂಥ ಕಡೆ ಮೇಲೆ ಜೇಡಿ ಹಾಕಿ, ಒಳ್ಳೆ ಮಣ್ಣು ಹೊದಿಸಿ, ನೀರನ್ನು ಬೇರೆ ಕಡೆ ತಿರುಗಿಸಬೇಕು. ಗಣಿ ನಡೆದ ಜಾಗಗಳಿಗೂ ಇದೇ ಮಾತು.

ಚಿತ್ರದುರ್ಗದ ಬಂಡೆ ನೆಲದಲ್ಲಿ ಬೇರೆಯದೇ ಸವಾಲು. ಅಲ್ಲಿ ಬಳ್ಳಾರಿ ಜಾಲಿ ಎಲ್ಲ ಕಡೆ ಹಬ್ಬಿದೆ. ಬಿಟ್ಟ ಜಾಗ, ಕೆರೆ ಅಂಗಳ, ಗುಡ್ಡದ ಬುಡ. ರಾಜಸ್ಥಾನದ ಜೋಧಪುರದಲ್ಲಿ ಮೆಹರಾನ್‌ಗಢ ಕೋಟೆಯ ಪಕ್ಕ ಇಂಥದ್ದೇ ಬಂಡೆ ನೆಲವಿತ್ತು, 70 ಹೆಕ್ಟೇರ್, ಪೂರ್ತಿ ಅದೇ ಜಾಲಿ. 2006ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಪ್ರದೀಪ್ ಕೃಷ್ಣ್ ಅದರ ಮುಂದಾಳು. ಜಾಲಿಯನ್ನು ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಅದಕ್ಕೆ ಕಲ್ಲು ಒಡೆಯುವ ಸ್ಥಳೀಯ ಕೆಲಸಗಾರರನ್ನು ಕರೆಸಿದರು. ಅವರು ಬಂಡೆಯನ್ನು ಉಳಿಯಿಂದ ಒಡೆದು, ಬೇರು ತೆಗೆದರು. ಅದೇ ಕುಳಿಗಳಲ್ಲಿ ಆ ಮರುಭೂಮಿಯ ಗಿಡಗಳನ್ನೇ ನೆಟ್ಟರು. ಇಂದು ಅದು ರಾವ್ ಜೋಧಾ ಬಂಡೆ ಪಾರ್ಕ್. ಹುಲ್ಲುಹಾಸಿಲ್ಲ, ಕಾರಂಜಿ ಇಲ್ಲ. ಬಂಡೆ, ಮುಳ್ಳುಗಿಡ, ಹುಲ್ಲು, ಹಕ್ಕಿ. ನಮ್ಮಲ್ಲೂ ಕಲ್ಲು ಒಡೆಯುವುದು ಗೊತ್ತಿರುವ ಕೈಗಳು ಬೇಕಾದಷ್ಟಿವೆ. ಜೋಗಿಮಟ್ಟಿ ಕಾಡಿನ ಬುಡದಲ್ಲಿ ಇರುವ ಊರಿಗೆ ಗಿಡದ ಬೀಜಕ್ಕೆ ಬರವಿಲ್ಲ.

ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳ ಅಂಗಳದಲ್ಲಿ ದೊಡ್ಡ ಸಮಸ್ಯೆ ಎರಡು. ಒಂದು ಹುಲ್ಲುಹಾಸು, ಇನ್ನೊಂದು ಇಂಟರ್‌ಲಾಕ್ ಟೈಲ್ಸ್.

ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಕಡಿಮೆಯೇ ಹಿಡಿಯೋಣ. ಒಂದು ಎಕರೆಗೆ 16 ಸಾವಿರ ಲೀಟರ್ ಆಯಿತು. ದೊಡ್ಡ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎಂಬುದು ಸರ್ಕಾರದ ಮಾನದಂಡ. ಅಂದರೆ ಒಂದು ಎಕರೆ ಹುಲ್ಲು ಸುಮಾರು 120 ಜನರ ನೀರು ಕುಡಿಯುತ್ತದೆ. ಅದರ ಮೇಲೆ "ಹುಲ್ಲಿನ ಮೇಲೆ ನಡೆಯಬೇಡಿ" ಎಂಬ ಬೋರ್ಡು ಬೇರೆ. ಯಾರಿಗೂ ನೆರಳು ಕೊಡದ, ಯಾರೂ ಕೂರದ ಹಸಿರಿಗೆ ಇಷ್ಟು ನೀರು ಯಾಕೆ? ಆಟದ ಮೈದಾನಕ್ಕೆ ಹುಲ್ಲು ಬೇಕು, ಒಪ್ಪುತ್ತೇನೆ. ಆಸ್ಪತ್ರೆಯಲ್ಲಿ ರೋಗಿಗಳ ಕಣ್ಣಿಗೆ ತಂಪಾಗಲು ಒಂದು ಸಣ್ಣ ತುಂಡು ಇರಲಿ. ಉಳಿದದ್ದೆಲ್ಲ ಮರದ ನೆರಳಾಗಬೇಕು.

ಟೈಲ್ಸ್ ವಿಷಯ ಇನ್ನೂ ಗಂಭೀರ. ಗೇಟಿನಿಂದ ಗೋಡೆವರೆಗೆ ಒಂದಿಂಚೂ ಬಿಡದೆ ಹಾಸುತ್ತಾರೆ. ಮರದ ಬುಡಕ್ಕೂ ಸಿಮೆಂಟ್ ಮೆತ್ತುತ್ತಾರೆ. ಬೇರಿಗೆ ಗಾಳಿ ಇಲ್ಲ, ನೀರಿಲ್ಲ. ನಾಲ್ಕೈದು ವರ್ಷದಲ್ಲಿ ಮರ ಒಣಗುತ್ತದೆ, ಇಲ್ಲವೇ ಗಾಳಿಗೆ ಉರುಳುತ್ತದೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿತ್ತು. ನನ್ನ ಪ್ರಕಾರ ದೊಡ್ಡ ಮರಕ್ಕೆ ಒಂದು ಮೀಟರೂ ಸಾಲದು. ನಮ್ಮ ಹಳ್ಳಿಗಳ ಅರಳಿ ಕಟ್ಟೆ ನೋಡಿ. ಕಲ್ಲುಗಳ ನಡುವೆ ಸಂದು ಇರುತ್ತದೆ, ಒಳಗೆ ಮಣ್ಣು ಇರುತ್ತದೆ. ಜನ ಕೂರುತ್ತಾರೆ, ಮರ ಉಸಿರಾಡುತ್ತದೆ. ಕಾಲೇಜಿನ ಅಂಗಳಕ್ಕೆ ಬೇಕಾದದ್ದು ಇಂಥ ಹತ್ತು ಕಟ್ಟೆ. ಮಕ್ಕಳು ಬುತ್ತಿ ಬಿಚ್ಚಿ ಊಟ ಮಾಡುವುದು, ಪರೀಕ್ಷೆಗೆ ಓದುವುದು, ಜಗಳ ಆಡಿ ರಾಜಿಯಾಗುವುದು ಎಲ್ಲ ಅಲ್ಲೇ.

ಟೈಲ್ಸ್ ಯಾಕೆ ಇಷ್ಟು ಜಾಸ್ತಿ ಬರುತ್ತಿದೆ ಎಂದು ಯೋಚಿಸಿದ್ದೇನೆ. ಕಾರಣ ಜನರ ರುಚಿಯಲ್ಲಿಲ್ಲ, ಬಿಲ್ಲಿನ ಪದ್ಧತಿಯಲ್ಲಿದೆ. ಟೈಲ್ಸ್ ಹಾಸಿದ ಮಾರನೇ ದಿನ ಟೇಪು ಹಿಡಿದು ಅಳೆಯಬಹುದು. ಎಂ.ಬಿ., ಅಂದರೆ ಅಳತೆ ಪುಸ್ತಕ, ಬರೆಯಬಹುದು, ಬಿಲ್ಲು ಪಾಸಾಗುತ್ತದೆ. ಮರ ಬದುಕಿತೋ ಇಲ್ಲವೋ ಎಂದು ತಿಳಿಯಲು ಮೂರು ವರ್ಷ ಬೇಕು. ಗುತ್ತಿಗೆದಾರ ಆಗ ಇರುವುದಿಲ್ಲ, ಎಂಜಿನಿಯರ್ ವರ್ಗವಾಗಿರುತ್ತಾರೆ. ಇದಕ್ಕೆ ದಾರಿ ಇದೆ. ಗಿಡ ನೆಡುವ ಗುತ್ತಿಗೆಯ ಹಣವನ್ನು ಒಂದೇ ಸಲ ಕೊಡಬಾರದು. ಒಂದು ಪಾಲು ನೆಟ್ಟಾಗ, ಒಂದು ಪಾಲು ಮೊದಲ ಬೇಸಿಗೆ ದಾಟಿದ ಮೇಲೆ, ಕೊನೆಯ ಪಾಲು ಎರಡನೇ ಬೇಸಿಗೆ ದಾಟಿದ ಮೇಲೆ, ಬದುಕಿದ ಗಿಡ ಎಣಿಸಿ ಕೊಡಬೇಕು. ಮಾಲಿಯ ಸಂಬಳವೂ ಅದೇ ಟೆಂಡರಿನಲ್ಲಿ ಇರಬೇಕು. ಮಾಲಿ ಇಲ್ಲದ ತೋಟ ಎಲ್ಲೂ ಉಳಿದಿಲ್ಲ.

ಹಾಸ್ಟೆಲ್ ಇರುವ ಕ್ಯಾಂಪಸ್‌ನಲ್ಲಿ ನೀರಿನ ಇನ್ನೊಂದು ಮೂಲವಿದೆ. 300 ಮಕ್ಕಳು ಸ್ನಾನಕ್ಕೆ, ಬಟ್ಟೆಗೆ ತಲಾ 60 ಲೀಟರ್ ಬಳಸಿದರೂ ದಿನಕ್ಕೆ 18 ಸಾವಿರ ಲೀಟರ್ ಆಯಿತು. ನಮ್ಮ ಅಜ್ಜಿಯರು ಬಚ್ಚಲ ನೀರನ್ನು ಬಾಳೆ ಬುಡಕ್ಕೆ, ತೆಂಗಿನ ಬುಡಕ್ಕೆ ಬಿಡುತ್ತಿದ್ದರು. ಅದನ್ನೇ ದೊಡ್ಡದಾಗಿ ಮಾಡಬೇಕು. ಶೌಚಾಲಯದ ಪೈಪು ಬೇರೆ, ಬಚ್ಚಲ ಪೈಪು ಬೇರೆ ಇರಬೇಕು. ಜಲ್ಲಿ ತುಂಬಿದ ತೊಟ್ಟಿಯಲ್ಲಿ ಕಾಬಾಳೆ ಬೆಳೆಸಿ, ಅದರ ಮೂಲಕ ನೀರು ಹಾಯಿಸಿ, ಮರಗಳಿಗೆ ಬಿಡಬಹುದು. ಆದರೆ ಪೈಪು ಬೇರೆ ಮಾಡುವುದು ಕಟ್ಟಡ ಕಟ್ಟುವಾಗಲೇ ಆಗಬೇಕು. ಆಮೇಲೆ ಗೋಡೆ ಒಡೆದು ಮಾಡಲು ಯಾರೂ ಒಪ್ಪುವುದಿಲ್ಲ.

ಸಂಸ್ಥೆಗಳ ಜಾಗ ಎಂದಾಗ ಚಳ್ಳಕೆರೆಯ ಕಾವಲುಗಳನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಮೈಸೂರು ಅರಸರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳು ಇವು. ಅದರಲ್ಲಿ ಸಾವಿರಾರು ಎಕರೆ ರಕ್ಷಣೆ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕಿದ್ದು ಸುಮಾರು 1500 ಎಕರೆ. ಕುರಿ ದನ ಮೇಯಿಸುತ್ತಿದ್ದ ಸುತ್ತಲ ಹಳ್ಳಿಗಳವರು ಇದರ ವಿರುದ್ಧ ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಕಡತದಲ್ಲಿ ಇಂಥ ನೆಲವನ್ನು ಬಂಜರು ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಅದು ಬಂಜರಲ್ಲ. ಹುಲ್ಲೇ ಅಲ್ಲಿನ ಕಾಡು. ವಿನ್ಯಾಸದ ಕಡೆಯಿಂದ ನೋಡಿದರೆ ಇಂಥ ನೆಲದಲ್ಲಿ ಸಾವಿರಾರು ಗಿಡ ನೆಡುವುದೂ ತಪ್ಪು. ಕಟ್ಟಡಗಳನ್ನು ಒಂದು ಮೂಲೆಯಲ್ಲಿ ಒತ್ತಾಗಿ ಕಟ್ಟಿ, ಉಳಿದ ನೆಲವನ್ನು ಅಗೆಯದೆ, ಉಳುಮೆ ಮಾಡದೆ ಬಿಡುವುದೇ ಅಲ್ಲಿ ಒಳ್ಳೆಯ ಲ್ಯಾಂಡ್‌ಸ್ಕೇಪ್. ಹುಲ್ಲು ಬಲಿತ ಮೇಲೆ ಸುತ್ತಲಿನವರಿಗೆ ಕೊಯ್ದುಕೊಳ್ಳಲು ಬಿಟ್ಟರೆ ಇನ್ನೂ ಒಳ್ಳೆಯದು.

ಮನೆಗಳ ವಿಷಯದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "30-40 ಸೈಟಿನಲ್ಲಿ ಎಲ್ಲಿ ಸಾರ್ ಜಾಗ?" ಜಾಗ ಕಡಿಮೆ, ನಿಜ. ಆದರೆ ಆ 1200 ಚದರಡಿ ಮೇಲೆ ವರ್ಷಕ್ಕೆ ಸುಮಾರು 67 ಸಾವಿರ ಲೀಟರ್ ಮಳೆ ಬೀಳುತ್ತದೆ. 900 ಚದರಡಿ ತಾರಸಿಯಿಂದಲೇ 40 ಸಾವಿರ ಲೀಟರ್ ಹಿಡಿಯಬಹುದು. ಹಿಡಿದು ಸಂಪಿಗೆ ಬಿಡಿ, ಹೆಚ್ಚಾದದ್ದನ್ನು ನೆಲಕ್ಕೆ ಬಿಡಿ.

ನೆಲಕ್ಕೆ ಬಿಡುವ ಮೊದಲು ಮಣ್ಣು ನೋಡಬೇಕು. ದಾವಣಗೆರೆಯ ಎಷ್ಟೋ ಲೇಔಟುಗಳು ಎರೆ ಮಣ್ಣಿನ ಮೇಲಿವೆ. ಎರೆ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಗೋಡೆಗೆ ತಾಗಿದಂತೆ ಹೂವಿನ ಪಾತಿ ಮಾಡಿ ದಿನಾ ನೀರು ಹಾಕಿದರೆ ಒಂದು ಕಡೆ ಪಾಯ ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಗೋಡೆ ಸೀಳುತ್ತದೆ. ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ನಮ್ಮ ಸ್ವಂತ ಮನೆಯಲ್ಲೇ ಹೀಗಾಗಿ, ಅಡುಗೆಮನೆ ಗೋಡೆಯನ್ನು ಎರಡು ಸಲ ರಿಪೇರಿ ಮಾಡಿಸಿದ ಮೇಲೆ ನಾನು ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಗೋಡೆ ಸುತ್ತ ಮೂರಡಿ ಅಗಲ ಹೊರಕ್ಕೆ ಇಳಿಜಾರಾದ ಕಲ್ಲು ಹಾಸು ಇರಲಿ. ಪಾತಿಗಳು ಕಾಂಪೌಂಡಿನ ಕಡೆ ಇರಲಿ. ಎರೆ ಮಣ್ಣಿನಲ್ಲಿ ನೀರು ಇಂಗುವುದು ಬಹಳ ನಿಧಾನ. ಹಾಗಾಗಿ ಇಂಗುಗುಂಡಿಯನ್ನು ಎರೆ ದಾಟಿ ಗರಸು ಸಿಗುವವರೆಗೆ ತೋಡಿಸಬೇಕು, ಪಾಯದಿಂದ ದೂರ. ಚಿತ್ರದುರ್ಗದ ಕಡೆ ಮೂರಡಿಗೇ ಬಂಡೆ ಸಿಗುತ್ತದೆ. ಅಲ್ಲಿ ಇಂಗಿಸುವ ಆಸೆ ಬಿಟ್ಟು ಸಂಪು ದೊಡ್ಡದು ಮಾಡುವುದೇ ಸರಿ. ಕೋಟೆಯವರು ಮಾಡಿದ್ದೂ ಅದನ್ನೇ.

ಯಾವ ಮರ ಎಂದು ಕೇಳಿದರೆ ನನ್ನ ಉತ್ತರ ಆ ಜಾಗದ ಸುತ್ತ ನೀರು ಹಾಕದೆ ಬದುಕಿರುವ ಮರ ಯಾವುದೋ ಅದು. ಬೇವು, ಹೊಂಗೆ ಎರಡೂ ಎಲ್ಲ ಕಡೆ ಬರುತ್ತವೆ. ಕ್ಯಾಂಪಸ್‌ನಲ್ಲಿ ಜಾಗ ಇದ್ದರೆ ಹುಣಸೆ, ನೇರಳೆ, ಅತ್ತಿ, ಬಸರಿ. ದಾವಣಗೆರೆ ವಿಶ್ವವಿದ್ಯಾಲಯ ಇರುವ ತೋಳಹುಣಸೆಯ ಹೆಸರಿನಲ್ಲೇ ಹುಣಸೆ ಇದೆ. ಕಮರ ಎಂಬ ಮರವನ್ನು ಇಂದು ಎಷ್ಟು ಜನ ಗುರುತಿಸುತ್ತಾರೋ. ಚಿತ್ರದುರ್ಗ, ತುಮಕೂರು ಕಡೆಯ ಒಣ ಕಾಡಿನ ಮರ ಅದು. ಬೇರು ಆಳಕ್ಕೆ ಇಳಿಯುತ್ತದೆ, ಸೊಪ್ಪು ದನಕ್ಕೆ ಮೇವು. ನರ್ಸರಿಗಳಲ್ಲಿ ಸಿಗುವುದು ಕಷ್ಟ, ಯಾಕೆಂದರೆ ಯಾರೂ ಕೇಳುವುದಿಲ್ಲ. ಕೇಳಿದರೆ ಬೆಳೆಸುತ್ತಾರೆ. ಸಣ್ಣ ಮನೆಗೆ ಕಕ್ಕೆ, ನುಗ್ಗೆ, ಕರಿಬೇವು, ನಿಂಬೆ ಸಾಕು. ಬಿಸಿಲು ಜಾಸ್ತಿ ಹೊಡೆಯುವ ಪಡುವಣ ಕಡೆಗೆ ನೆಡಿ. ಗುಲ್‌ಮೊಹರ್ ನೋಡಲು ಚೆಂದ, ಆದರೆ ಕೊಂಬೆ ಬೇಗ ಮುರಿಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಯಂತ್ರಗಳು ಸುಮ್ನೆ ನಿಂತಿಲ್ಲ. ಆ ಗಾಳಿಗೆ ಕಾರು ನಿಲ್ಲಿಸುವ ಜಾಗದ ಮೇಲೆ ಅಂಥ ಮರ ಬೇಡ. ಕೋನೋಕಾರ್ಪಸ್ ಎಂಬ ಗಿಡವನ್ನು ಬೇಗ ಹಸಿರಾಗುತ್ತದೆ ಎಂದು ಸಾಲಾಗಿ ನೆಡುತ್ತಿದ್ದಾರೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಲ್ಲಿಸಿತು. ನಾವೂ ಯೋಚಿಸಬೇಕು.

ಲೇಔಟಿನ ಪಾರ್ಕಿನ ಬಗ್ಗೆ ಒಂದು ಮಾತು. ಪಾರ್ಕಿಗೆ ಜಾಗ ಬಿಡಲೇಬೇಕು ಎಂಬ ನಿಯಮವಿದೆ, ಬಿಟ್ಟ ಜಾಗವನ್ನು ಕಾಪಾಡಲು 1985ರ ಕಾಯ್ದೆಯೂ ಇದೆ. ಆದರೆ ಪಾರ್ಕಿಗೆ ಸಿಗುವುದು ಸೈಟು ಆಗದ ಮೂಲೆ, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ. ನಾನು ಲೇಔಟ್ ಮಾಡುವವರನ್ನು ಕೇಳುವುದು ಒಂದೇ: ಇಡೀ ಜಮೀನಿನಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿ ಪಾರ್ಕು ಕೊಡಿ. ಹಳೇ ಗದ್ದೆಯ ಕೊನೆಯ ಮಡಿ ಇರುತ್ತದಲ್ಲ, ಅಲ್ಲಿ. ರಸ್ತೆಗಳ ನೀರೆಲ್ಲ ಅಲ್ಲಿಗೆ ಬರಲಿ. ಮಳೆಗಾಲದಲ್ಲಿ ಎರಡು ದಿನ ನೀರು ನಿಲ್ಲಲಿ, ಉಳಿದ ದಿನ ಮಕ್ಕಳು ಆಡಲಿ. ಹಾಗೆ ಮಾಡಿದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುವುದೂ ತಪ್ಪುತ್ತದೆ.

ಸೈಟು ತೆಗೆದುಕೊಂಡವರು, ಶಾಲೆ ಕಟ್ಟಲು ಹೊರಟವರು ನನ್ನ ಹತ್ತಿರ ಬಂದರೆ ನಾನು ಮೊದಲು ನಕ್ಷೆ ಬಿಡಿಸುವುದಿಲ್ಲ. ಒಂದು ಜೋರು ಮಳೆ ಬರುವವರೆಗೆ ಕಾಯಿರಿ ಎನ್ನುತ್ತೇನೆ. ಮಳೆ ಬಂದಾಗ ಛತ್ರಿ ಹಿಡಿದು ಜಾಗಕ್ಕೆ ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಬದು ದಾಟಿ ಹೊರಗೆ ಹೋಗುತ್ತದೆ ನೋಡಿ. ಮಳೆ ನಿಂತ ಕೂಡಲೇ ಅಲ್ಲೆಲ್ಲ ಗೂಟ ಹೊಡೆಯಿರಿ. ಬೇಸಿಗೆಯಲ್ಲಿ ಸೈಟು ಕೊಂಡವರು ಸೆಪ್ಟೆಂಬರ್‌ವರೆಗೆ ಕಾಯಬೇಕಾಗಬಹುದು. ಅಷ್ಟರಲ್ಲಿ ಇರುವ ಮರಗಳ ಪಟ್ಟಿ ಮಾಡಬಹುದು, ಎರಡು ಕಡೆ ನಾಲ್ಕಡಿ ಗುಂಡಿ ತೆಗೆದು ಮಣ್ಣು ನೋಡಬಹುದು. ಗೂಟಗಳ ಜಾಗ ಅಳೆದುಕೊಂಡ ಮೇಲೆಯೇ ನಾನು ಪೆನ್ಸಿಲ್ ಹಿಡಿಯುವುದು.